ಸರಿಯಾಗಿ 32 ಸೆಕೆಂಡಿಗೆ ಕಟ್: ಆಸ್ಟರಿಸ್ಕ್ ಜೊತೆ ನಾಲ್ಕು ವರ್ಷ

ನಮ್ಮದು ಮಲೆನಾಡಿನ ಒಂದು ಸಣ್ಣ ಆಸ್ಪತ್ರೆ. ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ, ಫೋನ್ ಎಲ್ಲಕ್ಕೂ ನಾನೊಬ್ಬನೇ. ನಾಲ್ಕು ವರ್ಷದ ಹಿಂದೆ ಮೇ ತಿಂಗಳ ಸಿಡಿಲಿಗೆ ಹಳೇ ಇಪಿಎಬಿಎಕ್ಸ್‌ನ, ಅಂದರೆ ಆಸ್ಪತ್ರೆಯ ಫೋನ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಯ, ಲೈನ್ ಕಾರ್ಡ್ ಸುಟ್ಟುಹೋಯಿತು. ಹೊಸ ಕಾರ್ಡಿನ ರೇಟು ಕೇಳಿ ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡೆಸ್ಕ್‌ಟಾಪ್ ನೋಡಿದೆ. ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಸಾಫ್ಟ್‌ವೇರ್ ಅದಕ್ಕೇ ಹಾಕಿ, ಅದನ್ನು ಬ್ರೌಸರಿನಲ್ಲೇ ನಡೆಸಲು ಮೇಲೆ ಫ್ರೀಪಿಬಿಎಕ್ಸ್ ಕೂರಿಸಿದೆ. ಎರಡಕ್ಕೂ ಕಾಸಿಲ್ಲ. ಆಸ್ಟರಿಸ್ಕ್ ಹುಟ್ಟಿದ್ದೂ ಹೀಗೇ ಅಲ್ವಾ? 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ತನ್ನ ಪುಟ್ಟ ಕಂಪನಿಗೆ ಫೋನ್ ಸಿಸ್ಟಮ್ ಕೊಳ್ಳೋದು ದುಬಾರಿ ಅನ್ನಿಸಿ ತಾನೇ ಬರೆದುಕೊಂಡಿದ್ದು.

ವಾರ್ಡುಗಳ ಹಳೇ ಫೋನ್ ಎಸೆಯಲಿಲ್ಲ. ಹಳೇ ಫೋನನ್ನು ನೆಟ್‌ವರ್ಕಿಗೆ ಸೇರಿಸುವ ಒಂದು ಗೇಟ್‌ವೇ ತಂದು, ವಾರ್ಡಿನ ತಂತಿಗಳೆಲ್ಲ ಬಂದು ಸೇರುವ ಹಳೇ ಕ್ರೋನ್ ಬಾಕ್ಸಿಗೇ ಜೋಡಿಸಿದೆ. ರಿಸೆಪ್ಶನ್, ಫಾರ್ಮಸಿ, ಲ್ಯಾಬಿಗೆ ಮಾತ್ರ ನೇರ ನೆಟ್‌ವರ್ಕ್ ಕೇಬಲ್ಲಿಗೇ ಹಾಕುವ ಐಪಿ ಫೋನ್.

ನನಗೆ ತುಂಬಾ ಇಷ್ಟವಾದದ್ದು ಸ್ಟಾರ್ 43. ಎಕೋ ಟೆಸ್ಟ್. ಬೆಳಿಗ್ಗೆ ಓಪಿಡಿ ಶುರುವಾಗುವ ಮುಂಚೆ ಕಾಫಿ ಲೋಟ ಹಿಡಿದು ಒಂದೊಂದು ಫೋನಿಂದಲೂ ಅದನ್ನು ಒತ್ತುತ್ತೇನೆ. ‘ಕಾಫಿ ಆಯ್ತಾ?’ ಅಂದರೆ ನನ್ನದೇ ದನಿ ‘ಕಾಫಿ ಆಯ್ತಾ?’ ಅಂತ ವಾಪಸ್ ಕೇಳುತ್ತದೆ. ಕರಕರ ಬಂದರೆ ಆ ವಾರ್ಡಿನ ಜೋಡಿ ತಂತಿಗೆ ಕಿಲುಬು ಹಿಡಿದಿದೆ ಅಂತಲೇ ಲೆಕ್ಕ. ಮಳೆಗಾಲದಲ್ಲಿ ಇದು ಜಾಸ್ತಿ. ಆ ತುದಿ ಕತ್ತರಿಸಿ, ಬಾಕ್ಸಿನಲ್ಲಿ ಹೊಸದಾಗಿ ಒತ್ತಿ ಕೂರಿಸಿದರೆ ಸರಿ. ಒಮ್ಮೆ ಬಾಕ್ಸ್ ತೆಗೆದರೆ ಒಳಗೆ ಇರುವೆಗಳ ಸಂಸಾರ, ಮೊಟ್ಟೆ ಸಮೇತ.

ಮೂರು ವರ್ಷ ಹೀಗೇ ಸುಖವಾಗಿ ನಡೆಯಿತು. ಆಮೇಲೆ ಫೈಬರ್‌ನವರು ಬಂದು, ನಮ್ಮ ಹೊರಗಿನ ಕಾಲ್‌ಗಳೂ ಹಾದು ಬರುವ ಇಂಟರ್ನೆಟ್ ರೂಟರ್ ಬದಲಿಸಿ ಹೋದರು.

‘ಸರ್, ಕಾಲ್ ಕಟ್ ಆಗ್ತಿದೆ’ ಅಂದರು ರಿಸೆಪ್ಶನ್ ಮೇಡಂ. ನಾನು ಹೊರಗೆ ಕಾಲ್ ಮಾಡಿ ನೋಡಿದೆ, ಏನೂ ತೊಂದರೆಯಿಲ್ಲ. ಸ್ಟಾರ್ 43 ಸರಿ ಇದೆ. ಹೆಡ್‌ಸೆಟ್ ಬದಲಿಸಿ ಕೊಟ್ಟೆ. ಕೇಬಲ್ ಬದಲಿಸಿದೆ. ಅವರು ತಪ್ಪು ಬಟನ್ ಒತ್ತುತ್ತಿರಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾಲ್ ಮಾಡಿದವರಿಗೆ ಮೇಡಂ ಅವರೇ ಫೋನ್ ಇಟ್ಟ ಹಾಗಿತ್ತು. ಜನ ಮತ್ತೆ ಮಾಡಿ ಬೈಯುತ್ತಿದ್ದರು. ಆ ಬೈಗುಳವೂ ಅರ್ಧಕ್ಕೇ ಕಟ್. ಮೇಡಂ ಬೈಸಿಕೊಂಡೇ ಒಂದು ಉಪಾಯ ಕಂಡುಕೊಂಡಿದ್ದರು. ಹೆಸರು, ಊರು, ಯಾವ ಡಾಕ್ಟರು, ಟೋಕನ್ ನಂಬರ್, ಎಲ್ಲ ಅರ್ಧ ನಿಮಿಷದೊಳಗೆ ಮುಗಿಸುವುದು!

ಹನ್ನೆರಡನೇ ದಿನ ಪಕ್ಕದಲ್ಲಿ ಕೂತು ಗಡಿಯಾರ ನೋಡಿದೆ. 32 ಸೆಕೆಂಡ್. ಮುಂದಿನ ಕಾಲ್, 32. ಒಳಗೆ ಬರುವ ಕಾಲ್ ಮಾತ್ರ. ಕಾಲ್‌ನ ಸಂದೇಶಗಳು ಹೋಗಿಬರುವುದನ್ನು ಬಾಣ ಹಾಕಿ ತೋರಿಸುವ ಎಸ್ಎನ್‌ಗ್ರೆಪ್ ತೆರೆದೆ. ನಾವು ಕಾಲ್ ಎತ್ತಿದ ತಕ್ಷಣ ಆಸ್ಟರಿಸ್ಕ್ ‘ಎತ್ತಿದೆವು’ ಅಂತ ‘200 ಓಕೆ’ ಕಳಿಸುತ್ತದೆ, ಆ ಕಡೆಯಿಂದ ‘ತಲುಪಿತು’ ಅನ್ನುವ ‘ಆಕ್’ ಬರಬೇಕು. ಹಿಂದೆ ರಿಜಿಸ್ಟರ್ ಪೋಸ್ಟಿಗೆ ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಬರುತ್ತಿದ್ದ ಹಾಗೆ. ಕಾರ್ಡ್ ಬಾರದಿದ್ದರೆ ಅರ್ಧ ಸೆಕೆಂಡಿಗೆ ಮತ್ತೆ ಕಳಿಸುತ್ತದೆ, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡ್ ಬಿಟ್ಟು. ಪರದೆಯ ಮೇಲೆ ‘200 ಓಕೆ’, ‘200 ಓಕೆ’ ಅಂತ ಸಾಲಾಗಿ ಬಾಣಗಳು. ಉತ್ತರವಿಲ್ಲ. ಇಂಟರ್ನೆಟ್ ಕಾಲ್ ಜೋಡಿಸುವ ಭಾಷೆಯಾದ ಸಿಪ್‌ನ ನಿಯಮದಂತೆ ಅರ್ಧ ಸೆಕೆಂಡಿನ 64 ಪಟ್ಟು ಕಾದು, ಅಂದರೆ 32ನೇ ಸೆಕೆಂಡಿಗೆ, ಅದು ಕಾಲ್ ಕೈಬಿಡುತ್ತದೆ.

ಹೊಸ ರೂಟರಿನಲ್ಲಿ ಸಿಪ್ ಎಎಲ್‌ಜಿ, ಅಂದರೆ ಹಾದುಹೋಗುವ ಸಿಪ್ ಸಂದೇಶಗಳನ್ನು ತಿದ್ದುವ ಸೌಲಭ್ಯ, ಆನ್ ಇತ್ತು. ಸಹಾಯ ಮಾಡುತ್ತೇನೆ ಅಂತ ಲಕೋಟೆ ಒಡೆದು ‘ಇಂದ’ ವಿಳಾಸವನ್ನೇ ಕೆಡಿಸುತ್ತಿತ್ತು. ಕಾರ್ಡ್ ನಮ್ಮ ಬಾಗಿಲಿಗೆ ಬರುವುದಾದರೂ ಹೇಗೆ? ಒಂದು ಟಿಕ್ ತೆಗೆದೆ. ಮುಗಿಯಿತು. ಹನ್ನೆರಡು ದಿನದ ಬೈಗುಳಕ್ಕೆ ಒಂದು ಟಿಕ್!

ಹಾಗಾಗಿ ನಿಮ್ಮಲ್ಲಿ ಇದಕ್ಕೆ ತಲೆ ಕೊಡುವವರು ಇಲ್ಲದಿದ್ದರೆ ಆಸ್ಟರಿಸ್ಕ್ ತಂಟೆ ಬೇಡ, ದುಡ್ಡು ಕೊಟ್ಟು ಸಪೋರ್ಟ್ ಇರುವ ಪೆಟ್ಟಿಗೆ ತಗೊಳ್ಳಿ. ಬಿಟ್ಟಿ ಅಂದರೆ ನಿಮ್ಮ ಭಾನುವಾರಗಳು ಅಂತ ಅರ್ಥ. ಸಿಪ್ ಸಂದೇಶ ಬರುವ ಬಾಗಿಲಾದ 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಹುಡುಕಿಕೊಂಡು ಬರುತ್ತಾರೆ. ಅಪ್‌ಡೇಟ್ ಮಾಡುವ ಮುಂಚೆ ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ. ನಾನಂತೂ ಇದನ್ನು ಬಿಡುವುದಿಲ್ಲ. ತಪ್ಪು ಎಲ್ಲಿದೆ ಅಂತ ಬಾಣ ಹಾಕಿ ತೋರಿಸಿದ್ದು ಇದೇ ತಾನೇ.

ಸ್ಟಾರ್ 43 ಆಸ್ಪತ್ರೆಯ ಒಳಗಿನ ದಾರಿಯನ್ನಷ್ಟೇ ನೋಡುತ್ತದೆ. ಅದಕ್ಕೇ ಈಗ ಬೆಳಿಗ್ಗೆ ನನ್ನ ಮೊಬೈಲಿಂದ ಆಸ್ಪತ್ರೆ ನಂಬರಿಗೂ ಒಂದು ಕಾಲ್ ಮಾಡುತ್ತೇನೆ. ನಲವತ್ತು ಸೆಕೆಂಡ್ ಮಾತು ಎಳೆಯಬೇಕಲ್ಲ, ತಿಂಡಿ ಏನು ಅಂತ ಕೇಳುತ್ತೇನೆ. ನಿನ್ನೆ ಅಕ್ಕಿರೊಟ್ಟಿ ಅಂದರು, ಕಾಯಿಚಟ್ನಿ. ಸೆಕೆಂಡ್ ಎಣಿಸುವುದು ಇಬ್ಬರಿಗೂ ಮರೆತೇ ಹೋಗಿತ್ತು.