ದಿನಾ ಆಫ್ ಮಾಡಬೇಕು: ಕೆಲವು ವರ್ಷ ಓಡಿಸಿದ ಕಾರಿನ ಬಗ್ಗೆ

ಎಂಜಿನ್, ಮೈಲೇಜ್, ಡಿಕ್ಕಿಯ ಜಾಗ, ಇದೆಲ್ಲ ನೀವು ಆಗಲೇ ಓದಿರುತ್ತೀರಿ. ಅದರಲ್ಲಿ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ಒಂದೇ. ನಾನು ಬೇಡ ಅಂದದ್ದನ್ನು ಈ ಕಾರು ನೆನಪಿಟ್ಟುಕೊಳ್ಳುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಬಟನ್ ಒತ್ತುತ್ತೇನೆ. ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಸ್ಕ್ರೀನ್ ಬರುತ್ತದೆ. ಮೊದಲು ಗೇರ್ ಪಕ್ಕದ ಬಟನ್ ಒತ್ತಿ ಸ್ಟಾರ್ಟ್-ಸ್ಟಾಪ್ ಆಫ್ ಮಾಡುತ್ತೇನೆ, ಅಂದರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ನಿಂತು, ಹೊರಡುವಾಗ ಮತ್ತೆ ಸ್ಟಾರ್ಟ್ ಆಗುವ ವ್ಯವಸ್ಥೆ. ಆಮೇಲೆ ಸ್ಕ್ರೀನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ವೆಹಿಕಲ್, ಅದರೊಳಗೆ ಡ್ರೈವರ್ ಅಸಿಸ್ಟ್. ಅಲ್ಲಿ ಲೇನ್ ಅಸಿಸ್ಟ್, ಅಂದರೆ ಗಾಡಿ ಗೆರೆ ದಾಟದಂತೆ ತಾನೇ ಸ್ಟೀರಿಂಗ್ ಎಳೆಯುವ ಫೀಚರ್, ಆಫ್. ಖಚಿತವಾ ಅಂತ ಕೇಳುತ್ತದೆ, ಹೌದು ಅನ್ನಬೇಕು. ಇಷ್ಟಾದ ಮೇಲೆ ಗಾಡಿ ಹೊರಡುತ್ತದೆ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರೆ ಎಲ್ಲಾ ಮತ್ತೆ ಮೊದಲಿಂದ.

ಲೇನ್ ಅಸಿಸ್ಟ್ ನಂಬಿರುವುದು ಮುಂದಿನ ಗಾಜಿನ ಹಿಂದಿರುವ ಕ್ಯಾಮೆರಾವನ್ನು. ಅದು ರಸ್ತೆಯ ಗೆರೆ ನೋಡುತ್ತದೆ, ಅಷ್ಟೆ. ಅಗಲ ಹೆದ್ದಾರಿಯಲ್ಲಿ ಚೆನ್ನಾಗಿಯೇ ಇದೆ. ರಿಪೇರಿ ನಡೆಯುವ ಕಡೆ ಹಳೇ ಗೆರೆ, ಹೊಸ ಗೆರೆ ಎರಡೂ ಇದ್ದರೆ ಗಲಿಬಿಲಿಗೊಳ್ಳುತ್ತದೆ. ಸೈಕಲ್ ಸವಾರನಿಗೆ ಜಾಗ ಬಿಡಲು ಇಂಡಿಕೇಟರ್ ಹಾಕದೆ ಸ್ವಲ್ಪ ಸರಿದರೂ ಸಾಕು, ಸ್ಟೀರಿಂಗ್ ಅವನ ಕಡೆಗೇ ಎಳೆಯುತ್ತದೆ. ಗಟ್ಟಿಯಾಗಿ ಹಿಡಿದರೆ ಬಿಟ್ಟುಕೊಡುತ್ತದೆ, ನಿಜ. ಆದರೆ ಆ ಗಳಿಗೆಯಲ್ಲಿ ಕಾರಿನ ಜೊತೆ ಜಗ್ಗಾಡುವ ಕೆಲಸ ಯಾರಿಗೆ ಬೇಕು?

ಸ್ಟಾರ್ಟ್-ಸ್ಟಾಪ್ ನನ್ನ ಜೇಬಿಗೂ ತಟ್ಟಿತು. ಇದಕ್ಕೆ ಮಾಮೂಲಿ ಬ್ಯಾಟರಿ ಆಗುವುದಿಲ್ಲ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಡೆದುಕೊಳ್ಳುವ ಎಜಿಎಂ ಅಥವಾ ಇಎಫ್‌ಬಿ ಬ್ಯಾಟರಿ ಬೇಕು, ಬೆಲೆ ಜಾಸ್ತಿ. ನಾನು ಗಾಡಿಯನ್ನು ಪೂರ್ತಿ ಹಳೆಯದಾಗುವವರೆಗೆ ಇಟ್ಟುಕೊಳ್ಳುವವನು, ಹಾಗಾಗಿ ಈ ಲೆಕ್ಕ ನನಗೆ ಮುಖ್ಯ. ಎಂಜಿನ್ ನಿಂತಾಗ ನನ್ನ ಕಾರಿನಲ್ಲಿ ಎಸಿ ಕಂಪ್ರೆಸರ್ ಕೂಡ ನಿಲ್ಲುತ್ತದೆ. ಸಿಗ್ನಲ್ ಉದ್ದ ಇದ್ದರೆ ಬರೀ ಫ್ಯಾನಿನ ಗಾಳಿ.

ಯಾಕೆ ನೆನಪಿಡುವುದಿಲ್ಲ? ಇಂಧನ ಮತ್ತು ಹೊಗೆಯ ಪರೀಕ್ಷೆಯಲ್ಲಿ ಸ್ಟಾರ್ಟ್-ಸ್ಟಾಪ್‌ನ ಲಾಭ ಲೆಕ್ಕಕ್ಕೆ ಬರಬೇಕಾದರೆ ಅದು ತಾನಾಗಿ ಆನ್ ಆಗುವಂತಿರಬೇಕು. ಕೆಲವು ಕಡೆ ಕಾನೂನೇ ಹಾಗಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲಾ ಹೊಸ ಕಾರುಗಳಲ್ಲೂ ವೇಗಮಿತಿ ಎಚ್ಚರಿಕೆ ಇರಲೇಬೇಕು. ಆಫ್ ಮಾಡಬಹುದು, ಆದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಆನ್ ಆಗಬೇಕು.

ಇದರ ಹಿಂದಿನ ಉದ್ದೇಶ ನನಗೆ ಅರ್ಥವಾಗುತ್ತದೆ. ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ಇಎಸ್‌ಸಿ ಕೂಡ ಹೀಗೆಯೇ ಪ್ರತಿ ಸಲ ತಾನಾಗಿ ಆನ್ ಆಗುತ್ತದೆ, ಆಗಲೇಬೇಕು. ಚಕ್ರ ಜಾರುವವರೆಗೂ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಟೈರ್ ಪ್ರೆಶರ್ ದೀಪವೂ ಹಾಗೇ. ಒಂದು ರಾತ್ರಿ ಮಳೆಯಲ್ಲಿ ಅದು ಹತ್ತಿಕೊಂಡಿತು. ಇಳಿದು ನೋಡಿದರೆ ಹಿಂದಿನ ಟೈರಿನಲ್ಲಿ ಮೊಳೆ, ಗಾಳಿ ಇನ್ನೂ ಅರ್ಧ ಉಳಿದಿತ್ತು. ಆ ದೀಪಕ್ಕೆ ನಾನು ಎಷ್ಟು ಬೇಕಾದರೂ ದುಡ್ಡು ಕೊಟ್ಟೇನು.

ಹಾಗಾಗಿ ಕಾರು ಮಾರುವ ಯೋಚನೆಯಿಲ್ಲ. ಹೊಸದಾಗಿ ತೆಗೆದುಕೊಳ್ಳುವುದಾದರೆ ಲೇನ್ ಅಸಿಸ್ಟ್ ಇಲ್ಲದ ಕೆಳಗಿನ ವೇರಿಯಂಟ್ ಸಾಕು ನನಗೆ. ಟೆಸ್ಟ್ ಡ್ರೈವ್‌ಗೆ ಹೋದಾಗ ನಿಮಗೆ ಬೇಡದ ಫೀಚರ್ ಎಲ್ಲಾ ಆಫ್ ಮಾಡಿ. ಎಂಜಿನ್ ನಿಲ್ಲಿಸಿ, ಇಳಿದು, ಬಾಗಿಲು ಲಾಕ್ ಮಾಡಿ, ಮತ್ತೆ ಹತ್ತಿ ಸ್ಟಾರ್ಟ್ ಮಾಡಿ. ಯಾವುದು ಆಫ್ ಆಗಿಯೇ ಉಳಿದಿದೆ ಅಂತ ನೋಡಿಕೊಂಡು ಆಮೇಲೆ ಬುಕ್ ಮಾಡಿ.