ಬೇವಿನೆಣ್ಣೆ, ಮಜ್ಜಿಗೆ ಹುಲ್ಲು, ನೆಕ್ಕಿಯ ಹೊಗೆ, ಕರ್ಪೂರ: ಕರಾವಳಿಯ ಮನೆಗೆ ಯಾವುದು ಸರಿ?

ಮಂಗಳೂರು, ಉಡುಪಿ ಕಡೆ ಸೊಳ್ಳೆಗೆ ಮನೆಮದ್ದು ಹೇಳದವರೇ ಇಲ್ಲ. ಒಬ್ಬರು ಬೇವಿನೆಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಕರ್ಪೂರ, ಮತ್ತೊಬ್ಬರು ನಿಂಬೆಹಣ್ಣಿಗೆ ಲವಂಗ ಚುಚ್ಚಿಡಿ ಅನ್ನುತ್ತಾರೆ. ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಾವ ಸೊಪ್ಪು ಎಂಬುದಕ್ಕಿಂತ ಅದನ್ನು ಯಾವುದರಲ್ಲಿ ಬೆರೆಸಿದಿರಿ, ಎಷ್ಟು ಬೆರೆಸಿದಿರಿ, ಎಲ್ಲಿ ಬಳಸಿದಿರಿ ಎಂಬುದೇ ದೊಡ್ಡದು. ಅದೇ ಬೇವು ತೆಂಗಿನೆಣ್ಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನೀರಿಗೆ ಹಾಕಿದರೆ ಮಾಡುವುದಿಲ್ಲ, ಪ್ಲಗ್‌ಗೆ ಸಿಕ್ಕಿಸುವ ಮೆಷಿನ್‌ಗೆ ಹಾಕಿದರೆ ಮೆಷಿನ್ನೇ ಹಾಳು.

ಹೋಲಿಸಿ ನೋಡುವ ಬಗೆ ಸರಳ, ಯಾರೂ ಮಾಡಬಹುದು. ಮುಸ್ಸಂಜೆ ಹೊತ್ತಿಗೆ ಜಗಲಿಯಲ್ಲಿ ಕೂತು ಒಂದು ಕಾಲಿಗೆ ಮೊಣಕಾಲಿನಿಂದ ಕೆಳಗೆ ಎಣ್ಣೆ ಹಚ್ಚಿ, ಇನ್ನೊಂದನ್ನು ಹಾಗೆಯೇ ಬಿಡುವುದು. ಸೊಳ್ಳೆ ಬಂದು ಕೂತ ಕೂಡಲೇ ಓಡಿಸಬೇಕು, ಕಚ್ಚಿಸಿಕೊಳ್ಳಬಾರದು. ಎಣ್ಣೆ ಹಚ್ಚಿದ ಕಾಲಿನ ಮೇಲೆ ಮೊದಲ ಸೊಳ್ಳೆ ಎಷ್ಟು ಹೊತ್ತಿಗೆ ಕೂತಿತು ಎಂಬುದೇ ಅಳತೆ. ಬರಿಗಾಲಿನ ಮೇಲೆ ಒಂದೂ ಕೂರದ ಸಂಜೆ ಲೆಕ್ಕಕ್ಕಿಲ್ಲ. ಆ ದಿನ ಸೊಳ್ಳೆ ಬರದಂತೆ ಮಾಡಿದ್ದು ಕಡಲಗಾಳಿ, ನಿಮ್ಮ ಎಣ್ಣೆಯಲ್ಲ. ಮನೆಮದ್ದಿನ ಬಗ್ಗೆ ಕೇಳಿಬರುವ ಹೊಗಳಿಕೆಯಲ್ಲಿ ಅರ್ಧದಷ್ಟು ಇಂಥ ಸಂಜೆಗಳದ್ದೇ.

ಮೈಗೆ ಹಚ್ಚುವುದು: ಬೇವಿನೆಣ್ಣೆ ಮೊದಲು

ನೂರು ಮಿ.ಲೀ. ತೆಂಗಿನೆಣ್ಣೆಗೆ ಎರಡು ಮಿ.ಲೀ. ಬೇವಿನ ಬೀಜದ ಎಣ್ಣೆ, ಅಂದರೆ ಡ್ರಾಪರ್‌ನಲ್ಲಿ ಸುಮಾರು 40 ಹನಿ. ಇಷ್ಟೇ. ಎರಡನ್ನೂ ಬಾಟಲಿಗೆ ಹಾಕಿ ಅಲುಗಾಡಿಸಿದರೆ ಬೆರೆಯುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ತೆಂಗಿನೆಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಒಲೆಯ ಮೇಲಿಡಬೇಡಿ. ಸುಮ್ಮನೆ ಕೂತವರಿಗೆ ಇದು ಎರಡರಿಂದ ಮೂರು ಗಂಟೆ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಹರಿಯುತ್ತಿದ್ದರೆ ಒಂದು ಗಂಟೆಗೇ ಮತ್ತೆ ಹಚ್ಚಬೇಕು. ಹಚ್ಚುವಾಗ ಅಲ್ಲಲ್ಲಿ ಚುಕ್ಕಿ ಇಟ್ಟರೆ ಸಾಲದು. ಕಣಕಾಲು, ಪಾದದ ಮೇಲ್ಭಾಗ, ಮೊಣಕೈಯ ಹಿಂದೆ, ಇಲ್ಲೆಲ್ಲ ತೆಳುವಾಗಿ ಪೂರ್ತಿ ಸವರಬೇಕು. ಎಣ್ಣೆ ತಾಗದ ಎರಡು ಬೆರಳಗಲದ ಜಾಗವನ್ನೂ ಸೊಳ್ಳೆ ಹುಡುಕಿಕೊಂಡು ಬರುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಫಲ ಎಂದು ಹತ್ತು ಮಿ.ಲೀ. ಸುರಿಯುವವರಿದ್ದಾರೆ. ಸಮಯ ಸ್ವಲ್ಪ ಹೆಚ್ಚುವುದು ನಿಜ, ಆದರೆ ಆ ಕಮಟು ವಾಸನೆ ತಡೆಯಲಾರದೆ ಮನೆಯವರು ಹಚ್ಚುವುದನ್ನೇ ಬಿಡುತ್ತಾರೆ. ಕೆಲವರಿಗೆ ಚರ್ಮ ಕೆಂಪಾಗುತ್ತದೆ. ಬಿಳಿ ಪಂಚೆ, ಹಾಸಿಗೆಯ ಹೊದಿಕೆಗೆ ಹಳದಿ ಕಲೆ ಹಿಡಿಯುತ್ತದೆ. ಒಣಗುವ ಮೊದಲೇ ಸೋಪು, ಬಿಸಿನೀರು ಹಾಕಿದರೆ ಮಾತ್ರ ಹೋಗುವ ಕಲೆ ಅದು.

ಬೇವಿನ ಎಲೆಯನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ ಆಗದೇ ಎಂದು ಕೇಳುವವರು ಬಹಳ. ಆಗುತ್ತದೆ, ಆದರೆ ಬೀಜದ ಎಣ್ಣೆಯ ಶಕ್ತಿ ಎಲೆಗಿಲ್ಲ. ಮಾಡುವುದಾದರೆ ಎಲೆಯನ್ನು ತೊಳೆದು, ಬಟ್ಟೆಯ ಮೇಲೆ ಒಂದು ದಿನ ನೆರಳಿನಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ನೊರೆ ಏಳುತ್ತದೆ, ಚಟಪಟ ಸದ್ದು ಬರುತ್ತದೆ. ಅದು ಎಲೆಯ ನೀರು ಹೋಗುವ ಸದ್ದು. ಸದ್ದು ನಿಂತು, ಎಲೆ ಬೆರಳಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯುವ ಹೊತ್ತಿಗೆ ಇಳಿಸಬೇಕು. ಮೊದಲೇ ಇಳಿಸಿದರೆ ಉಳಿದ ನೀರಿನಿಂದ ಎಣ್ಣೆಗೆ ಬೂಸು ಬರುತ್ತದೆ, ಮಳೆಗಾಲದಲ್ಲಂತೂ ವಾರದೊಳಗೆ. ತಡಮಾಡಿದರೆ ಎಲೆ ಕಪ್ಪಾಗಿ ಎಣ್ಣೆ ಸೀದ ವಾಸನೆ ಹಿಡಿಯುತ್ತದೆ. ಘಟ್ಟದ ಮೇಲಿನಷ್ಟು ಬೇವು ನಮ್ಮ ಕಡೆ ಬೆಳೆಯುವುದಿಲ್ಲ. ಆಯುರ್ವೇದದ ಅಂಗಡಿಯಿಂದ ಗಾಣದ ಬೇವಿನೆಣ್ಣೆ ಚಿಕ್ಕ ಬಾಟಲಿ ತರುವುದೇ ಲೇಸು. ಬೆಳಕಿಗೆ ಅದರ ಸತ್ವ ಕುಂದುತ್ತದೆ, ಹಾಗಾಗಿ ಕಂದು ಬಣ್ಣದ ಬಾಟಲಿಯಲ್ಲಿಟ್ಟು, ಬೆರೆಸಿದ್ದನ್ನು ಎರಡು ತಿಂಗಳೊಳಗೆ ಮುಗಿಸಿ. ಎಳೆಗೂಸಿಗೆ ಹಚ್ಚಬೇಡಿ. ಬೇವಿನೆಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ವಿಷ. ತಲೆಗೆ ಹಚ್ಚುವ ಎಣ್ಣೆಯ ಜೊತೆ ಒಂದೇ ಕಪಾಟಿನಲ್ಲಿ ಇಡಬೇಡಿ.

ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಸಿಟ್ರೊನೆಲ್ಲಾ

ವಾಸನೆಗೆ ಬೇವಿಗಿಂತ ನೂರು ಪಾಲು ಮೇಲು. ನೂರು ಮಿ.ಲೀ. ತೆಂಗಿನೆಣ್ಣೆಗೆ ಐದು ಮಿ.ಲೀ. ಸಿಟ್ರೊನೆಲ್ಲಾ ಅಥವಾ ಮಜ್ಜಿಗೆ ಹುಲ್ಲಿನ ಭಟ್ಟಿ ಇಳಿಸಿದ ಎಣ್ಣೆ, ಅಂದರೆ ಒಂದು ಟೀ ಚಮಚ. ಎರಡೂ ಒಂದೇ ಕುಲದ ಹುಲ್ಲುಗಳು, ಆದರೆ ಒಂದೇ ಅಲ್ಲ; ಮೈಗೆ ಸಿಟ್ರೊನೆಲ್ಲಾ ಸೌಮ್ಯ, ಮಜ್ಜಿಗೆ ಹುಲ್ಲಿನ ಎಣ್ಣೆ ಕೆಲವರಿಗೆ ಉರಿ ತರುತ್ತದೆ. ಮೊದಲ ಸಲ ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ.

ಹಚ್ಚಿದ ಮೊದಲ ಅರ್ಧ ಗಂಟೆ ಇದು ಬೇವಿಗಿಂತ ಚುರುಕು. ಸೊಳ್ಳೆ ಹತ್ತಿರ ಬಂದು ಹಾಗೆಯೇ ತಿರುಗಿ ಹೋಗುವುದು ಕಣ್ಣಿಗೆ ಕಾಣುತ್ತದೆ. ಒಂದೂವರೆ ಗಂಟೆಯೊಳಗೆ ಫಲ ಇಳಿದುಬಿಡುತ್ತದೆ, ಏಕೆಂದರೆ ಕೆಲಸ ಮಾಡುವ ಅಂಶವೇ ಗಾಳಿಗೆ ಹಾರಿಹೋಗುವಂಥದ್ದು. ಫ್ಯಾನಿನಡಿ ಕೂತರೆ ಇನ್ನೂ ಬೇಗ. ವೆನಿಲ್ಲಾದ ಸತ್ವ ಬೆರೆತರೆ ಈ ಹಾರುವಿಕೆ ನಿಧಾನವಾಗುತ್ತದೆ. ಅಡಿಕೆ ತೋಟದಲ್ಲಿ ವೆನಿಲ್ಲಾ ಬಳ್ಳಿ ಈಗಲೂ ಉಳಿಸಿಕೊಂಡವರು ಹದಗೊಳಿಸಿದ ಒಂದು ಕೋಡನ್ನು ಉದ್ದಕ್ಕೆ ಸೀಳಿ ಎಣ್ಣೆಯಲ್ಲಿ ಎರಡು ವಾರ ನೆನೆಹಾಕಿ ನೋಡಬಹುದು. ಅಡುಗೆಗೆ ಬಳಸುವ ವೆನಿಲ್ಲಾ ಎಸೆನ್ಸ್ ಎಣ್ಣೆಯಲ್ಲಿ ಬೆರೆಯದೆ ತಳದಲ್ಲಿ ಕೂರುತ್ತದೆ, ಅದು ಬೇಡ.

ನಮ್ಮ ಆಯ್ಕೆ ಎರಡನ್ನೂ ಕೂಡಿಸಿದ್ದು: ನೂರು ಮಿ.ಲೀ. ತೆಂಗಿನೆಣ್ಣೆ, ಎರಡು ಮಿ.ಲೀ. ಬೇವು, ಮೂರು ಮಿ.ಲೀ. ಸಿಟ್ರೊನೆಲ್ಲಾ. ಆರಂಭದ ಚುರುಕು ಹುಲ್ಲಿನದ್ದು, ಆಮೇಲಿನ ಹೊತ್ತು ಬೇವಿನದ್ದು, ಕಮಟೂ ಅಡಗುತ್ತದೆ.

ಜಗಲಿಯಲ್ಲಿ ಕುಂಡದಲ್ಲಿಟ್ಟ ಮಜ್ಜಿಗೆ ಹುಲ್ಲು ಸೊಳ್ಳೆ ಓಡಿಸುತ್ತದೆ ಎಂಬುದನ್ನು ನಂಬಬೇಡಿ. ಎಣ್ಣೆ ಎಲೆಯೊಳಗೇ ಇರುತ್ತದೆ. ಹಿಸುಕದೆ ಅದು ಹೊರಗೆ ಬರುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಅದೇ ಸೊಳ್ಳೆಯ ತೊಟ್ಟಿಲು. ನೀಲಗಿರಿ ಎಣ್ಣೆಯ ವಿಷಯದಲ್ಲೂ ಗೊಂದಲವಿದೆ. ಹೊರದೇಶಗಳಲ್ಲಿ ಹೆಸರು ಮಾಡಿರುವುದು ನಿಂಬೆವಾಸನೆಯ ನೀಲಗಿರಿ ಜಾತಿಯಿಂದ ತಯಾರಾಗುವ ಪಿಎಂಡಿ ಎಂಬ ಅಂಶ. ಶೀತಕ್ಕೆ ಹಚ್ಚಲು ಊಟಿಯಿಂದ ತರುವ ನೀಲಗಿರಿ ಎಣ್ಣೆಯೇ ಬೇರೆ, ಅದರ ಫಲ ಅಲ್ಪ.

ಹೊಗೆ: ಅಂಗಳಕ್ಕೂ ದನದ ಹಟ್ಟಿಗೂ ಇದೇ

ಹೊರಗಿನ ಜಾಗಕ್ಕೆ ತೆಂಗಿನ ಸಿಪ್ಪೆ ಮತ್ತು ನೆಕ್ಕಿ (ಲಕ್ಕಿ ಗಿಡ) ಸೊಪ್ಪಿನ ಹೊಗೆಗೆ ಸಾಟಿಯಾದದ್ದು ಬೇರೊಂದಿಲ್ಲ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ನಾಲ್ಕೈದು ಗೆರಟೆ (ತೆಂಗಿನ ಚಿಪ್ಪು) ಚೂರು ಹೊತ್ತಿಸಿ ಕೆಂಡ ಮಾಡಿ. ಜ್ವಾಲೆ ಪೂರ್ತಿ ಇಳಿದ ಮೇಲೆ ಎರಡು ಹಿಡಿ ತೆಂಗಿನ ನಾರು, ಅದರ ಮೇಲೆ ಎರಡು ಹಿಡಿ ನೆಕ್ಕಿ ಸೊಪ್ಪು, ಬೇಕಿದ್ದರೆ ಒಂದು ಚಿಟಿಕೆ ಸಾಂಬ್ರಾಣಿ.

ಎಲ್ಲವೂ ಸೊಪ್ಪಿನ ಹದದಲ್ಲಿದೆ. ಪೂರ್ತಿ ಒಣಗಿದ್ದು ಭಗ್ಗನೆ ಉರಿದು ಎರಡೇ ನಿಮಿಷದಲ್ಲಿ ಬೂದಿಯಾಗುತ್ತದೆ. ಹಸಿಯದ್ದು ಕೆಂಡ ನಂದಿಸಿ, ಕಣ್ಣು ಉರಿಸುವ ಬಿಳಿ ಹೊಗೆ ಕೊಡುತ್ತದೆ. ಎರಡು ಮೂರು ದಿನ ನೆರಳಿನಲ್ಲಿ ಬಾಡಿದ, ಮಡಚಿದರೆ ಬಾಗುವ ಆದರೆ ಮುರಿಯದ ಸೊಪ್ಪು ಅರ್ಧ ಗಂಟೆ ನಿಧಾನಕ್ಕೆ ಹೊಗೆಯಾಡುತ್ತದೆ. ಮಳೆಗಾಲದಲ್ಲಿ ನಾರು ತೇವ ಹಿಡಿಯುತ್ತದೆ. ಮೇ ಮುಗಿಯುವ ಮೊದಲೇ ಗೋಣಿಯಲ್ಲಿ ತುಂಬಿ ಅಟ್ಟದಲ್ಲೋ ಬಚ್ಚಲಿನ ಒಲೆಯ ಹತ್ತಿರವೋ ಇಟ್ಟುಕೊಂಡವರಿಗೆ ಆಗಸ್ಟ್‌ನಲ್ಲೂ ಕಷ್ಟವಿಲ್ಲ. ನೆಕ್ಕಿ ಸಿಗದಿದ್ದರೆ ತುಂಬೆ ಗಿಡ ನಡೆಯುತ್ತದೆ, ಹೊಗೆ ಸ್ವಲ್ಪ ತೆಳು. ಬರೀ ಸಿಪ್ಪೆಯ ಹೊಗೆಗೂ ಸೊಳ್ಳೆ ದೂರವಾಗುತ್ತದೆ, ಸೊಪ್ಪು ಸೇರಿದರೆ ಇನ್ನಷ್ಟು.

ಗೇರುಬೀಜದ ಸಿಪ್ಪೆಯನ್ನು ಮಾತ್ರ ಎಂದೂ ಹಾಕಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕಣ್ಣು, ಗಂಟಲಿಗೆ ಕೆಡುಕು.

ಹೊಗೆ ಹಾಕುವ ಹೊತ್ತು ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು. ಗಾಳಿ ಬರುವ ಕಡೆ ಬಾಣಲೆ ಇಟ್ಟರೆ ಹೊಗೆ ಅಂಗಳದ ಮೇಲೆ ಹಾದುಹೋಗುತ್ತದೆ. ಇದರ ದೊಡ್ಡ ಕೊರತೆ ಎಂದರೆ ಹೊಗೆ ಚದುರಿದ ಸ್ವಲ್ಪ ಹೊತ್ತಿಗೆ ಸೊಳ್ಳೆ ಮರಳುತ್ತದೆ, ಅದು ಸತ್ತಿರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹಾಕಲೇಬಾರದು. ಸೊಪ್ಪಿನ ಹೊಗೆ ಎಂದ ಮಾತ್ರಕ್ಕೆ ಶ್ವಾಸಕೋಶ ಅದನ್ನು ಬೇರೆಯಾಗಿ ನೋಡುವುದಿಲ್ಲ. ದಮ್ಮು ಇರುವವರು, ಎಳೆಮಕ್ಕಳು ಇರುವ ಮನೆಯಲ್ಲಿ ಹಟ್ಟಿಗೆ ಮಾತ್ರ ಸಾಕು.

ಸ್ಪ್ರೇ, ಕರ್ಪೂರ, ಮತ್ತೆ ಆ ಮೆಷಿನ್

ನೀರಿಗೆ ಎಣ್ಣೆ ಹನಿಸಿ ಸ್ಪ್ರೇ ಬಾಟಲಿಗೆ ತುಂಬುವುದು ವ್ಯರ್ಥ. ಎಣ್ಣೆ ಮೇಲೆ ತೇಲುತ್ತದೆ, ಬಾಟಲಿಯ ಕೊಳವೆ ತಳದ ನೀರನ್ನು ಎಳೆಯುತ್ತದೆ. ಮೊದಲ ವಾರ ಬರೀ ನೀರು ಚಿಮುಕಿಸಿ, ಬಾಟಲಿ ಮುಗಿಯುವಾಗ ಗಟ್ಟಿ ಎಣ್ಣೆ ಮೈಗೆ ಬಿದ್ದು ಉರಿಯುತ್ತದೆ. ಸ್ಪ್ರೇಯೇ ಬೇಕಿದ್ದರೆ ಮೆಡಿಕಲ್ ಅಂಗಡಿಯ ಸ್ಪಿರಿಟ್ ನೂರು ಮಿ.ಲೀ.ಗೆ ಐದು ಮಿ.ಲೀ. ಸಿಟ್ರೊನೆಲ್ಲಾ, ನೀರಿಲ್ಲದೆ. ಪರದೆ, ಕಿಟಕಿಯ ಜಾಲರಿಗೆ ಮಾತ್ರ, ಮೈಗಲ್ಲ. ದೇವರ ದೀಪ, ಗ್ಯಾಸ್ ಒಲೆ ಉರಿಯುವಾಗ ಹತ್ತಿರ ತರಬೇಡಿ. ಒಂದು ಗಂಟೆಯ ಫಲಕ್ಕೆ ಇಷ್ಟು ಎಚ್ಚರ ಬೇಕಾದದ್ದರಿಂದ ಇದು ನಮ್ಮ ಪಟ್ಟಿಯಲ್ಲಿ ಕೆಳಗೆ.

ಬಟ್ಟಲು ನೀರಿಗೆ ಎರಡು ಕರ್ಪೂರದ ಬಿಲ್ಲೆ ಹಾಕಿಡುವುದು ಅದಕ್ಕಿಂತಲೂ ಕೆಳಗೆ. ಕರ್ಪೂರ ಆವಿಯಾಗುವುದು ನಿಜ, ಮುಚ್ಚಿದ ಸಣ್ಣ ಕೋಣೆಯಲ್ಲಿ ತುಸು ಹೊತ್ತು ಸೊಳ್ಳೆ ಕಡಿಮೆಯಾದಂತೆ ಕಾಣುತ್ತದೆ. ಕಿಟಕಿ ತೆರೆದರೆ ಮುಗಿಯಿತು. ಬಟ್ಟಲನ್ನು ಮಂಚದ ಕೆಳಗೆ ಮರೆತರೆ ಕರ್ಪೂರ ಹಾರಿ, ಉಳಿದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮಗು ಕರ್ಪೂರ ನುಂಗಿದರೆ ಅಪಸ್ಮಾರದಂತೆ ಸೆಳವು ಬರುತ್ತದೆ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಸೊಳ್ಳೆ ಮೆಷಿನ್‌ನ ಖಾಲಿಯಾದ ಲಿಕ್ವಿಡ್ ಬಾಟಲಿಗೆ ಬೇವಿನೆಣ್ಣೆ, ಕರ್ಪೂರ ತುಂಬಿ ಮೆಷಿನ್‌ಗೆ ಸಿಕ್ಕಿಸುವ ಉಪಾಯ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾಡಬೇಡಿ. ಬೇವಿನೆಣ್ಣೆ ದಪ್ಪ, ಬತ್ತಿಯಲ್ಲಿ ಮೇಲೇರುವುದಿಲ್ಲ, ಆ ಬಿಸಿಗೆ ಆವಿಯೂ ಆಗುವುದಿಲ್ಲ. ಕರ್ಪೂರ ಮಾತ್ರ ಹಾರಿ ಬತ್ತಿಯ ತುದಿಯಲ್ಲಿ ಹರಳುಗಟ್ಟುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತುವನ್ನು ಇಡೀ ರಾತ್ರಿ ಕಾಯುವ ತಂತಿಯ ಪಕ್ಕ ಇಟ್ಟಂತಾಯಿತು. ನಿಂಬೆ, ಲವಂಗದ್ದು ಹೇಳಲು ಏನೂ ಇಲ್ಲ: ಬರಿಗಾಲಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಇಷ್ಟೆಲ್ಲ ಹೋಲಿಸಿದರೂ ರಾತ್ರಿಗೆ ಸೊಳ್ಳೆಪರದೆಯೇ ಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಕತ್ತಲಾದ ಮೇಲೆ. ಯಾವ ಎಣ್ಣೆಯೂ ಬೆಳಗಿನವರೆಗೆ ನಿಲ್ಲುವುದಿಲ್ಲ. ಡೆಂಗಿಯ ಈಡಿಸ್ ಕಚ್ಚುವುದು ಹಗಲು, ಬೆಳಗ್ಗೆಯೂ ಇಳಿಹೊತ್ತಿಗೂ ಹೆಚ್ಚು. ಮಕ್ಕಳು ಶಾಲೆಗೆ ಹೊರಡುವಾಗ ಎಣ್ಣೆ ಹಚ್ಚಿದರೆ ಅರ್ಥವಿದೆ, ಬರೀ ಸಂಜೆ ಹಚ್ಚಿದರೆ ಸಾಲದು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ತೋಟದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಹಾಲಿನ ಚಿಪ್ಪು, ಫ್ರಿಜ್‌ನ ಹಿಂದಿನ ಟ್ರೇ, ತಾರಸಿಯ ಟ್ಯಾಂಕಿನ ಮುಚ್ಚಳ, ಇವನ್ನು ವಾರಕ್ಕೊಮ್ಮೆ ನೋಡಲೇಬೇಕು. ಜ್ವರ ಬಂದರೆ ಕಷಾಯ ಕುಡಿದು ಕಾಯುವುದು ಬೇಡ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ.

ಇರುವೆ, ಮತ್ತೆ ಕಾಳಿನ ಹುಳ

ಇರುವೆಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿದರೆ ಸಾಲು ಕೂಡಲೇ ಮುರಿಯುತ್ತದೆ, ಆದರೆ ಮರುದಿನ ಬೇರೆ ದಾರಿಯಲ್ಲಿ ಬರುತ್ತವೆ. ಅರಿಶಿನದ ಗೆರೆ ನಮ್ಮ ಕಡೆಯ ತೇವಕ್ಕೆ ಮುದ್ದೆಯಾಗುತ್ತದೆ. ಇವೆರಡನ್ನೂ ಸೋಲಿಸುವುದು ಬೋರಿಕ್ ಪೌಡರ್: ಎರಡು ಲೋಟ (ಸುಮಾರು ಅರ್ಧ ಲೀಟರ್) ನೀರಿಗೆ ಹತ್ತು ಚಮಚ ಸಕ್ಕರೆ, ಒಂದೇ ಚಮಚ ಪೌಡರ್. ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಡಿ. ಪೌಡರ್ ಹೆಚ್ಚಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಒಯ್ಯುವುದಿಲ್ಲ. ಮೊದಲ ದಿನ ಇರುವೆ ಹೆಚ್ಚಾದಂತೆ ಕಂಡರೆ ಅದು ಸರಿಯಾದ ಲಕ್ಷಣ. ಮಗು, ಬೆಕ್ಕು, ನಾಯಿಗೆ ಎಟುಕದಂತೆ ಇಡಿ.

ಅಲಸಂಡೆ, ಹೆಸರು, ಹುರುಳಿಗೆ ಒಣ ನೆಕ್ಕಿ ಸೊಪ್ಪು ಹಾಕುವವರಿದ್ದಾರೆ, ತೆಂಗಿನೆಣ್ಣೆ ಸವರುವವರೂ ಇದ್ದಾರೆ. ಎಣ್ಣೆಯೇ ಗೆಲ್ಲುತ್ತದೆ. ಸೊಪ್ಪು ಚೂರು ಹಸಿಯಾಗಿದ್ದರೂ ಡಬ್ಬದಲ್ಲಿ ಬೂಸು ಹಿಡಿಯುತ್ತದೆ. ಮೇ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಪೂರ್ತಿ ಆರಿದ ಮೇಲೆ ಕೆ.ಜಿ.ಗೆ ಒಂದು ಟೀ ಚಮಚ ತೆಂಗಿನೆಣ್ಣೆ ಹಾಕಿ ಪ್ರತಿ ಕಾಳಿಗೂ ತಾಗುವಂತೆ ಅಂಗೈಯಲ್ಲಿ ಉಜ್ಜಿ. ಕಾಳಿನ ಮೇಲೆ ಅಂಟಿಸಿದ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಕೆಡುತ್ತದೆ. ಕುಚ್ಚಲಕ್ಕಿಗೆ ಎಣ್ಣೆ ಬೇಡ. ಸ್ವಲ್ಪವೇ ಇದ್ದರೆ ಕವರಿಗೆ ಹಾಕಿ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು, ಹೊರಗೆ ತೆಗೆದು ತಣುಪು ಪೂರ್ತಿ ಬಿಟ್ಟ ಮೇಲೆಯೇ ಕವರು ಬಿಚ್ಚಿ.