ಪೊರೆ ಶಸ್ತ್ರಚಿಕಿತ್ಸೆ: ಫೇಕೋನೋ, ಎಸ್‌ಐಸಿಎಸ್ಸೋ?

ಕಣ್ಣಿನ ಪೊರೆ ಯಾವ ಹನಿ ಔಷಧಿಗೂ ಕರಗುವುದಿಲ್ಲ, ತೆಗೆಸಲೇಬೇಕು. ಮಡಿಕೇರಿಯಲ್ಲೇ ಮಾಡಿಸಿ, ಮೈಸೂರಿಗೆ ಹೋಗಿ, ಎದುರಾಗುವ ಆಯ್ಕೆ ಹೆಚ್ಚಾಗಿ ಎರಡೇ: ಮೆಷಿನ್ನಿನಿಂದ ಪೊರೆ ತೆಗೆಯುವ ಫೇಕೋ, ಕೈಯಿಂದಲೇ ತೆಗೆಯುವ ಎಸ್‌ಐಸಿಎಸ್ (ಸಣ್ಣ ಸೀಳಿನ ಶಸ್ತ್ರಚಿಕಿತ್ಸೆ).

ಫೇಕೋದಲ್ಲಿ 2.2ರಿಂದ 2.8 ಮಿ.ಮೀ. ಸೀಳು. ಅಲ್ಟ್ರಾಸೌಂಡ್ ಸೂಜಿ ಪೊರೆಯನ್ನು ಒಡೆದು ಹೀರಿಕೊಳ್ಳುತ್ತದೆ. ಮಡಚಿದ ಕೃತಕ ಲೆನ್ಸ್ ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಎಸ್‌ಐಸಿಎಸ್‌ನಲ್ಲಿ ಸೀಳು ಸುಮಾರು 6 ಮಿ.ಮೀ., ಪೊರೆಯ ಗಟ್ಟಿಭಾಗ ಇಡಿಯಾಗಿ ಹೊರಬರುತ್ತದೆ. ಎರಡಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ. ಫೇಕೋ ಗಾಯ ಬೇಗ ಮಾಯುತ್ತದೆ, ಸಿಲಿಂಡರ್ ನಂಬರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಸಮವಿಲ್ಲದ್ದಕ್ಕೆ ಕನ್ನಡಕದಲ್ಲಿ ಬರುವ ನಂಬರ್; ಕಾರ್ನಿಯಾ ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ) ಕಡಿಮೆ ಬರುತ್ತದೆ, ಖರ್ಚು ಜಾಸ್ತಿ.

ಹಾಗೆಂದು ಮೆಷಿನ್ನಿನದೇ ಆಗಬೇಕೆಂದು ಹಟ ಹಿಡಿಯಬೇಡಿ. ಕಾಫಿ ಕೊಯ್ಲು ಮುಗಿಯಲಿ, ಕರಿಮೆಣಸು ಕುಯ್ದಾಗಲಿ ಎಂದು ವರ್ಷಗಟ್ಟಲೆ ಮುಂದೂಡಿದ ಪೊರೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅದನ್ನು ಒಡೆಯಲು ಹೆಚ್ಚು ಅಲ್ಟ್ರಾಸೌಂಡ್ ಬೇಕು. ಅದರ ಹೊಡೆತಕ್ಕೆ ಕಾರ್ನಿಯಾದ ಒಳಪದರದ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಇಂಥ ಕಣ್ಣಿಗೆ, ಪಳಗಿದ ಕೈಯಲ್ಲಿ, ಎಸ್‌ಐಸಿಎಸ್ಸೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸ್ಲಿಟ್‌ಲ್ಯಾಂಪ್‌ನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಪರೀಕ್ಷಾ ಯಂತ್ರ) ನೋಡಿದ ಡಾಕ್ಟರನ್ನೇ ಕೇಳಿ: "ಪೊರೆ ಎಷ್ಟು ಗಟ್ಟಿಯಾಗಿದೆ? ಕಣ್ಣಿನ ಒತ್ತಡ, ರೆಟಿನಾ ಸರಿಯಿವೆಯಾ?" ಕಣ್ಣಿನ ಹಿಂದಿನ ನರವೇ ಹಾಳಾಗಿದ್ದರೆ ಯಾವ ವಿಧಾನದಲ್ಲೂ ದೃಷ್ಟಿ ಪೂರ್ತಿ ಮರಳದು.

ಆಮೇಲಿನ ಆರೈಕೆ ಒಂದೇ. ಹನಿ ಸುಮಾರು 4ರಿಂದ 6 ವಾರ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಮಳೆಗಾಲವಾದರೆ ತೋಟದ ಕೆಸರುನೀರು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ನೋವು, ಕೆಂಪು ಹೆಚ್ಚಿ ದೃಷ್ಟಿ ಮಂಕಾದರೆ ಮಳೆ ಬಿಡಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಒಳಗೆ ಸೋಂಕಾಗಿದ್ದರೆ ಒಂದೊಂದು ಗಂಟೆಯೂ ಮುಖ್ಯ.